ಕೂತು ದುಡಿದ ಚಿಕ್ಕಪ್ಪ

ನನ್ನ ತಂಗಿಯ ಮದುವೆಯ ಮಾತುಕತೆ ಹುಡುಗನ ಮನೆಯಲ್ಲಿ ಇನ್ನೇನು ಕುದುರಿತು ಎನ್ನುವಾಗ ಚಿಕ್ಕಪ್ಪ, "ಹುಡುಗಿ ವಿಷಯದಲ್ಲಿ ನಾನು ಗ್ಯಾರಂಟಿ" ಎಂದು ಗತ್ತಿನಿಂದ ಹಿಂದಕ್ಕೊರಗಿದರು. ಕುರ್ಚಿ ಒಪ್ಪಲಿಲ್ಲ. ಲಟಕ್ಕೆಂದು ಅದರ ಕಾಲು ಮುರಿದು ಚಿಕ್ಕಪ್ಪ ನೆಲ ಕಂಡರು. ಅವರ ಕೈಲಿದ್ದ ಟೀ ಹುಡುಗನ ಅಪ್ಪನ ಪ್ಯಾಂಟು ಕಂಡಿತು.

"ಎಲ್ಲಿಗೆ ಹೋದ್ರೂ ನಿಂತೇ ಇರಿ ಅಂತ ಬಡ್ಕೊಂಡೆ!" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ನಿವೃತ್ತರಾದದ್ದು ಕುರ್ಚಿ ಫ್ಯಾಕ್ಟರಿಯಿಂದ. ಅಲ್ಲಿ ಮರ ಕೊಯ್ಯುವವರು, ಪಾಲಿಶ್ ಹೊಡೆಯುವವರು ಎಲ್ಲರೂ ದಿನವಿಡೀ ನಿಂತೇ ಇರಬೇಕು. ಕುರ್ಚಿ ಮಾಡುವವರಿಗೇ ಕುರ್ಚಿಯಿಲ್ಲ. ಮರದ ಹೊಟ್ಟು ಗುಡಿಸಲು ಸೇರಿದ ಚಿಕ್ಕಪ್ಪನಿಗೆ ಮಾತ್ರ ಅವರ ಹೊಟ್ಟೆಯ ಅರ್ಹತೆ ನೋಡಿ ಕೂರುವ ಕೆಲಸಕ್ಕೆ ಬಡ್ತಿ ಕೊಟ್ಟರು. ಎಡಕ್ಕೆ ವಾಲು, ಬಲಕ್ಕೆ ವಾಲು, ಮುಂಗಾಲು ಎತ್ತಿ ಹಿಂದಕ್ಕೆ ಒರಗು. ಕಿರ್ ಎನ್ನದಿದ್ದರೆ ಬೋರಲು ಹಾಕಿ ಅಡಿಯಲ್ಲಿ ನಿನ್ನ ಸೀಲು ಒತ್ತು.

"ಕೂತು ತಿನ್ನೋ ಭಾಗ್ಯ ಕಣಯ್ಯಾ ನಿಂದು" ಎಂದು ಪಾಲಿಶ್‌ನವನು ಉರಿದುಕೊಂಡರೆ, "ನಿಂತು ತಿಂದ್ರೆ ಕಾಲಿಗಿಳಿಯುತ್ತೆ ಕಣೋ" ಎನ್ನುತ್ತಿದ್ದರು.

ಅಧ್ಯಕ್ಷರು, ಮ್ಯಾನೇಜರು, ಯೂನಿಯನ್ ಲೀಡರು ಎಲ್ಲರೂ ಅಲ್ಲಿ ಕುರ್ಚಿಗಾಗಿ ಕಚ್ಚಾಡಿದವರೇ. ಕೂತ ಕುರ್ಚಿಯಿಂದ ತಾನಾಗಿ ಎದ್ದ ಒಬ್ಬನೇ ಮನುಷ್ಯ ನಮ್ಮ ಚಿಕ್ಕಪ್ಪ. ಎದ್ದರೆ ತಾನೆ ಮುಂದಿನದರಲ್ಲಿ ಕೂರುವುದು! ನಿವೃತ್ತರಾದ ಮೇಲೂ ಚಾಳಿ ಬಿಡಲಿಲ್ಲ. ಕ್ಷೌರದಂಗಡಿ, ಬ್ಯಾಂಕು, ಕೊನೆಗೆ ಸಾವಿನ ಮನೆಯಲ್ಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ನೋಡಿಯೇ ಸಂತಾಪ ಹೇಳುತ್ತಿದ್ದರು.

ಹುಡುಗನ ಅಪ್ಪ ಮುರಿದ ಕುರ್ಚಿಯನ್ನು ಬೋರಲು ಹಾಕಿದರು. ಅಡಿಯಲ್ಲಿ ಸೀಲಿತ್ತು.

"ಯಜಮಾನ್ರೇ, ಇದು ನಿಮ್ಮ ಫ್ಯಾಕ್ಟರೀದೇ ಅಲ್ವಾ?"

"ಹೌದು ಸಾರ್."

"ಸೀಲು?"

"ನಂದೇ."

ನಮ್ಮ ಜೊತೆ ಬಂದಿದ್ದ ತಂಗಿಯ ಮುಖ ಬಿಳಿಚಿಕೊಂಡಿತು. ಈ ಹುಡುಗನಲ್ಲದೆ ಬೇರೆಯವನು ಬೇಡವೆಂದು ಮನೆಯಲ್ಲಿ ಹಟ ಹಿಡಿದು ಗೆದ್ದವಳು ಅವಳು.

"ಕುರ್ಚಿಗೂ ನೀವೇ ಗ್ಯಾರಂಟಿ, ಹುಡುಗಿಗೂ ನೀವೇ ಗ್ಯಾರಂಟಿ. ನಿಜ ಹೇಳಿ, ಇದ್ರ ಮೇಲೆ ಕೂತು ನೋಡೇ ಸೀಲು ಒತ್ತಿದ್ರಾ?"

ಹೌದೆಂದರೆ ಚಿಕ್ಕಪ್ಪನ ಕಸುಬಿನ ಮರ್ಯಾದೆ ಹೋಗುತ್ತದೆ, ಇಲ್ಲವೆಂದರೆ ಮಾತಿನ ಬೆಲೆ ಹೋಗುತ್ತದೆ. ಯಾವುದು ಹೋದರೂ ಸಂಬಂಧ ಕೈಬಿಟ್ಟಂತೆಯೇ. ಚಿಕ್ಕಮ್ಮ ಹೌದೆನ್ನಿ ಎಂದು ಕಣ್ಣಲ್ಲೇ ಗದರಿದರು. ಚಿಕ್ಕಪ್ಪ ಸೊಂಟ ನೀವಿಕೊಂಡು ಕೊಟ್ಟ ಉತ್ತರವನ್ನು ಆ ಹುಡುಗ, ಅಂದರೆ ನನ್ನ ತಂಗಿಯ ಗಂಡ, ಚಿಕ್ಕಪ್ಪ ತೀರಿಕೊಂಡ ಇಷ್ಟು ವರ್ಷದ ಮೇಲೂ ಅವರದೇ ದನಿಯಲ್ಲಿ ಹೇಳಿ ನಗಿಸುತ್ತಾನೆ:

"ಎಲ್ಲಿ ಕೂತ್ಕೊಳ್ಳೋದು ಸಾರ್? ಸರ್ವೀಸಿನ ಕೊನೆಕೊನೆಗೆ ಮೂಲವ್ಯಾಧಿ. ಡಾಕ್ಟ್ರು ವಾಸಿ ಆಗೋವರ್ಗೂ ಕೂರಲೇಬೇಡಿ ಅಂದಿದ್ರು. ನಿಂತ್ಕೊಂಡೇ ಒತ್ತಿಬಿಡ್ತಿದ್ದೆ."