ವಿಮಾನ ಹತ್ತಲು ಜೊತೆಗೆ ಗಂಡಸರು ಬೇಕಂತೆ

ಗೆಳೆಯರೇ, ಇವತ್ತು ಹುಬ್ಬಳ್ಳಿಯಲ್ಲಿ ನಡೆದದ್ದನ್ನು ಕೇಳಿ. ಸೋಮವಾರ ದಿಲ್ಲಿಯಲ್ಲಿ ನನಗೆ ಸರ್ಕಾರಿ ನೌಕರಿಯ ಸಂದರ್ಶನವಿದೆ ಎಂದು ಈ ಶುಕ್ರವಾರ ಬೆಳಿಗ್ಗೆ ತಂತಿ ಬಂತು. ಪೂರ್ತಿ ರೈಲಿನಲ್ಲೇ ಹೋದರೆ ಹೊತ್ತಿಗೆ ಮುಟ್ಟುವುದಿಲ್ಲ. ಮುಂಬಯಿವರೆಗೆ ರೈಲು, ಅಲ್ಲಿಂದ ವಿಮಾನ ಎಂದು ನಿಶ್ಚಯಿಸಿ, ಅಮ್ಮಿನಬಾವಿಯಲ್ಲಿ ಮಾಸ್ತರಿಕೆ ಮಾಡುವ ಅಪ್ಪನ ಜೊತೆ ಟಿಕೆಟ್ ಏಜೆಂಟರ ಕಚೇರಿಗೆ ಹೋದೆ.

ಏಜೆಂಟರು ನನ್ನತ್ತ ನೋಡಲೇ ಇಲ್ಲ. "ಯಜಮಾನ್ರ, ಹೆಣ್ಣುಮಗಳು ಒಬ್ಬಾಕೀನ ವಿಮಾನದಾಗ ಹೊಂಟಾಳೇನ್ರಿ? ಜೋಡಿ ಗಂಡಸರು ಯಾರು ಇರ್ತಾರ?" ಎಂದು ಅಪ್ಪನನ್ನು ಕೇಳಿದರು.

ಅಪ್ಪ ಬಾಯಿ ತೆರೆಯುವ ಮೊದಲೇ ನಾನೆಂದೆ: "ವಿಮಾನ ನಡಸಾವ್ರು ಇರ್ತಾರಲ್ರಿ. ಅವರ ಹೆಸರ ಬರಕೋರಿ."

ಅಪ್ಪ ನಕ್ಕುಬಿಟ್ಟರು. "ಆಕಿ ಎಂ.ಎಸ್ಸಿ. ಮಾಡ್ಯಾಳ್ರಿ. ಏನು ಕೇಳೂದಿದ್ರೂ ಆಕೀನ್ನ ಕೇಳ್ರಿ," ಎಂದರು.

ಏಜೆಂಟರು ಮುಖ ಗಂಟು ಹಾಕಿಕೊಂಡೇ ಮುಂಬಯಿಗೆ ಟ್ರಂಕ್ ಕಾಲ್ ಹಚ್ಚಿದರು. ಲೈನು ಸಿಗಲು ಒಂದು ತಾಸು ಕಾದೆವು. ಭಾನುವಾರದ ವಿಮಾನದಲ್ಲಿ ಒಂದೇ ಒಂದು ಸೀಟು ಉಳಿದಿತ್ತು. ಅದು ನನ್ನದಾಯಿತು.

ಟಿಕೆಟ್ ಬರೆಯುತ್ತ ಅವರ ದನಿ ಮೆತ್ತಗಾಯಿತು. "ಅಕ್ಕಾರ, ನಿಮಗ ಅಂಜಿಕಿ ಆಗೂದಿಲ್ಲೇನ್ರಿ?"

"ಯಾಕ್ರಿ, ನೀವು ಹತ್ತಿದಾಗ ಅಂಜಿಕಿ ಆಗಿತ್ತೇನು?"

"ನಾ ಎಲ್ಲಿ ಹತ್ತೇನ್ರಿ! ಬರೇ ಟಿಕೀಟ ಮಾರತೇನಿ. ಹೋಗಿ ಬಂದು ಹೆಂಗಿತ್ತಂತ ನನಗೂ ಹೇಳ್ರಿ."

ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ನೌಕರಿ ಸಿಗುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. ಈ ಏಜೆಂಟರನ್ನು ವಿಮಾನ ಹತ್ತಿಸುವುದು ಮಾತ್ರ ಕಷ್ಟದ ಕೆಲಸ.