ಹಳದಿ ದೀಪದ ಬಚ್ಚಲು, ಅತ್ತೆಯ ಕಾಫಿ

ಬೆಳಕು ಈಗಷ್ಟೇ ಹರಿಯುತ್ತಿದೆ. ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ, ತಲೆಯ ಮೇಲೆ ಮಂಕು ಹಳದಿ ಬಲ್ಬು. ಬೋರ್ಡಕ್ಕ ತಾಮ್ರದ ಹಲಗೆಗೆ ಲೇಪನ ಹಚ್ಚುತ್ತಿದ್ದಾರೆ, ಕೂಸಿಗೆ ಎಣ್ಣೆ ಸವರುವಷ್ಟು ಹಗುರವಾಗಿ. ಬೋರ್ಡಕ್ಕ ಎನ್ನುವುದು ಬೀದಿಯವರಿಟ್ಟ ಹೆಸರು. ಬಿಡಿಭಾಗ ಸಿಗದ ಹಳೆಯ ರೇಡಿಯೊ, ತಕ್ಕಡಿಗಳಿಗೆ ಸರ್ಕ್ಯೂಟ್ ಬೋರ್ಡು ತಯಾರಾಗುವುದು ಇಲ್ಲೇ.

ಈ ಲೇಪನದ ಮೇಲೆ ಗೆರೆ ಮುದ್ರಿಸಿದ ಫಿಲ್ಮ್ ಇಟ್ಟು ದೀಪ ಹಿಡಿಯಬೇಕು. ಬೆಳಕು ತಾಗಿದ್ದು ತೊಳೆದುಹೋಗುತ್ತದೆ, ಗೆರೆಯ ನೆರಳಲ್ಲಿದ್ದದ್ದು ಉಳಿದು, ಆಮೇಲೆ ತಾಮ್ರ ಕರಗಿಸುವ ದ್ರಾವಣದಿಂದ ಕೆಳಗಿನ ತಾಮ್ರವನ್ನು ಕಾಯುತ್ತದೆ. ಅದಕ್ಕೆ ಮೊದಲೇ ಹೊರಗಿನ ಬೆಳಕು ಬಿತ್ತೋ, ಕೆಲಸ ಕೆಟ್ಟಿತು.

ಕೆಡಿಸುವವರು ಮನೆಯಲ್ಲೇ ಇದ್ದಾರೆ. ಸೊಸೆ ಬರಿಹೊಟ್ಟೆಯಲ್ಲಿ ದುಡಿಯಬಾರದೆಂದು ಅತ್ತೆ ದಿನಾ ಕಾಫಿ ಹಿಡಿದು ಬಾಗಿಲು ತೆರೆಯುತ್ತಾರೆ, ಕುಡಿದು ಮುಗಿಸುವ ತನಕ ಕದಲುವುದಿಲ್ಲ. "ತೆಗೀಬೇಡಿ ಅತ್ತೆ" ಎಂದು ಎಷ್ಟು ಕೂಗಿದರೂ ಅವರಿಗೆ ಕೇಳದು.

"ಚಿಲಕ ಹಾಕಬಾರದೇ?" ಎನ್ನುತ್ತೇನೆ, ಕೆಲಸ ನೋಡಲೆಂದು ಬಂದ ನಾನು.

"ಒಂದ್ಸಲ ಅತ್ತೆ ಚಿಲಕ ಹಾಕ್ಕೊಂಡು ಒಳಗೆ ಜಾರಿ ಬಿದ್ದಿದ್ರು. ನಾನು ಬಾಗಿಲು ಬಡಿದಿದ್ದೂ ಅವರಿಗೆ ಕೇಳಿಸ್ಲಿಲ್ಲ. ಅವತ್ತೇ ಚಿಲಕ ಕಿತ್ತುಹಾಕ್ದೆ. ಗುರುತಿಗೆ ಅಂತ ಟವಲು ಕಟ್ಟಿದ್ರೆ, ಒಗೆಯೋಕೆ ಬಿಚ್ಕೊಂಡು ಹೋದ್ರು!"

"ಕೂರಿಸಿಕೊಂಡು ಹೇಳಿಬಿಡಿ."

"ತನ್ನಿಂದಲೇ ಕೆಟ್ಟಿದ್ದು ಅಂತ ಗೊತ್ತಾದ್ರೆ ನೊಂದ್ಕೋತಾರೆ. ಕಾಫಿ ತರೋದನ್ನೇ ಬಿಟ್ಬಿಡ್ತಾರೆ."

ಇವತ್ತಿನ ಹಲಗೆ ಅತ್ತೆಯದೇ ಕಿವಿ ಯಂತ್ರಕ್ಕೆ. ಜೇಬಿನ ಡಬ್ಬಿಯಿಂದ ಕಿವಿಗೆ ತಂತಿ ಹೋಗುವ ಹಳೆಯ ಮಾದರಿ, ಒಳಗಿನ ಬೋರ್ಡು ಸುಟ್ಟಿದೆ. ಹೊಸದು ತಂದುಕೊಟ್ಟರೆ, ಕಿವಿಯೊಳಗೆ ಜೀರುಂಡೆ ಬಿಟ್ಟ ಹಾಗಿದೆ ಎಂದು ಕಿತ್ತಿಟ್ಟರಂತೆ. ಹಿಂದೆ ಮಾಡಿದ ಎರಡು ಹಲಗೆ ಕಾಫಿಗೇ ಬಲಿಯಾಗಿವೆ.

"ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರು ಅಂದ್ಕೋತಾರೆ. ಮಾತೇ ಕಮ್ಮಿ ಮಾಡಿದಾರೆ. ಮೊದ್ಲು ನನ್ನ ಜೊತೆ ಎಷ್ಟು ಜಗಳ ಆಡೋರು ಗೊತ್ತಾ? ಆ ಜಗಳ ಬೇಕು ನಂಗೆ," ಎನ್ನುತ್ತಾ ಬೋರ್ಡಕ್ಕ ಮತ್ತೆ ಲೇಪನ ಹಚ್ಚುತ್ತಾರೆ.

ಹಾಗಾಗಿ ಇವತ್ತು ಬಾಗಿಲಿಗೆ ಬೆನ್ನು ಕೊಟ್ಟು ಕೂತವನು ನಾನು. ಅತ್ತೆ ಹೊರಗಿನಿಂದ ದಬ್ಬಿದ್ದು ಬೆನ್ನಿಗೆ ತಾಗುತ್ತದೆ. "ಬಾಗಿಲು ಉಬ್ಬಿದೆ ಅಂತ ಕಾಣತ್ತೆ," ಎಂದು ಗೊಣಗಿಕೊಳ್ಳುತ್ತಾರೆ. ಪಾಪ ಅನ್ನಿಸುತ್ತದೆ, ಆದರೂ ಜಪ್ಪಯ್ಯ ಅಂದರೂ ಏಳುವುದಿಲ್ಲ.

ವಾರ ಬಿಟ್ಟು ಮತ್ತೆ ಹೋಗುತ್ತೇನೆ. ಅದೇ ಬಚ್ಚಲು, ಬೋರ್ಡಕ್ಕನ ಕೈಯಲ್ಲಿ ಯಾರದೋ ರೇಡಿಯೊದ ಹಲಗೆ. ಹೊರಗೆ ಹೆಜ್ಜೆ ಸದ್ದಾಗುತ್ತದೆ. ಅಭ್ಯಾಸಬಲದಿಂದ ಅವರು ಗಂಟಲು ಹರಿಯುವಂತೆ ಕೂಗುತ್ತಾರೆ: "ತೆಗೀಬೇಡಿ ಅತ್ತೆ!"

ಹೆಜ್ಜೆ ನಿಲ್ಲುತ್ತದೆ.

"ಯಾಕೆ ಹಂಗೆ ಅರಚ್ತೀಯೇ? ನಾನೇನು ಕಿವುಡೀನಾ?"

ಬೋರ್ಡಕ್ಕ ಹಲಗೆ ಕೆಳಗಿಟ್ಟು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಕೇಳಿದ್ರಾ? ಇನ್ನು ಈ ಮನೇಲಿ ಜಗಳಕ್ಕೇನೂ ಬರ ಇಲ್ಲ."