ಕೆಂಪು ಶಾಯಿಯ ಪ್ರಶ್ನೆ

ಟ್ರಂಕು ತೆರೆಯುವಾಗ ನಾನು, ತಂಗಿ ಇಬ್ಬರೇ ಇದ್ದೆವು. ನುಸಿಗುಳಿಗೆಯ ವಾಸನೆಯ ಜೊತೆ ಮೇಲೆ ಬಂದದ್ದು ನನ್ನ ಕಾಲೇಜಿನ ನೋಟುಪುಸ್ತಕ. ಮರುದಿನ ಸುಳ್ಯದಲ್ಲಿ ನಮ್ಮ ತತ್ತ್ವಶಾಸ್ತ್ರದ ಮಾಷ್ಟ್ರ ಶ್ರದ್ಧಾಂಜಲಿ ಸಭೆ. ನಾನು ನಾಲ್ಕು ಮಾತು ಹೇಳಬೇಕಿತ್ತು. ಪುಟ ತಿರುಗಿಸಿದರೆ ಅಂಚಿನಲ್ಲಿ ಅವರ ಕೆಂಪು ಶಾಯಿ: ‘ಹೋಗುತ್ತೇನೆ ಎಂದರೆ ಬಿಡುತ್ತಿದ್ದರೋ?’

ಆ ವರ್ಷ ಅವರು ಇಂಗ್ಲೆಂಡಿನ ಒಬ್ಬ ತತ್ತ್ವಜ್ಞಾನಿಯ ವಿಚಾರ ಕಲಿಸಿದ್ದರು. ಅಮೆರಿಕದಲ್ಲಿ ಗುಲಾಮಗಿರಿಯ ಸಲುವಾಗಿ ಅಂತರ್ಯುದ್ಧ ಹೊತ್ತಿಕೊಂಡಾಗ ಅವನ ದೇಶದ ದೊಡ್ಡವರು ಅನೇಕರು ಒಡೆಯರ ಕಡೆ ವಾಲಿದ್ದರಂತೆ. ಇವನು ಒಪ್ಪಲಿಲ್ಲ. ಇನ್ನೊಬ್ಬನನ್ನು ಕಟ್ಟಿಹಾಕಲಿಕ್ಕೆ ಬೇಡುವ ಸ್ವಾತಂತ್ರ್ಯ ಸ್ವಾತಂತ್ರ್ಯವೇ ಅಲ್ಲ. ಯುದ್ಧ ಕೆಟ್ಟದ್ದು, ಅದಕ್ಕಿಂತ ಕೆಟ್ಟದ್ದೂ ಇದೆ ಎಂಬುದು ಅವನ ವಾದ. ಮಾಷ್ಟ್ರು ತರಗತಿಯಲ್ಲಿ ಚರ್ಚೆ ಇಟ್ಟರು. ಒಡೆಯರ ಪರ ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು.

ನನಗೆ ಪುಸ್ತಕವೇ ಬೇಕಾಗಲಿಲ್ಲ. ಆಲೆಟ್ಟಿಯ ನಮ್ಮ ಮನೆಗೆ ತಲೆತಲಾಂತರ ಜೀತ ದುಡಿದ ಮೂಲದಾಳುಗಳ ಬಗ್ಗೆ ಅಜ್ಜಿ ಹೇಳುತ್ತಿದ್ದುದನ್ನೇ ಒಪ್ಪಿಸಿದೆ. “ಹೊಟ್ಟೆಗೆ ಹಾಕಿದ್ದು ಯಾರು? ಮದುವೆ ಮಾಡಿಸಿದ್ದು ಯಾರು? ಮನೆಯವರ ಹಾಗೆ ನೋಡಿಕೊಂಡಿದ್ದೇವೆ!” ಚಪ್ಪಾಳೆಯೋ ಚಪ್ಪಾಳೆ.

“ಭಾರೀ ಮಾತಾಡ್ತಿ ಮಾರಾಯ. ಯಾರ ಮಾತು ಇದು?” ಎಂದರು ಮಾಷ್ಟ್ರು.

“ಅಜ್ಜಿಯದ್ದು ಸರ್.”

“ಹೌದಾ? ನನ್ನ ಅಜ್ಜಿಗೂ ಇದನ್ನೇ ಹೇಳಿದ್ದಂತೆ. ನಿಮ್ಮದೇ ಅಂಗಳದಲ್ಲಿ ನಿಲ್ಲಿಸಿ.”

ಅವರ ಅಜ್ಜಿ ನಮ್ಮ ಮನೆಯ ಮೂಲದಾಳು ಎಂಬುದು ನನಗೆ ಗೊತ್ತೇ ಇರಲಿಲ್ಲ... ಅವರು ಮಾತ್ರ ನಗುತ್ತಲೇ ನನ್ನ ಪುಸ್ತಕ ಎಳೆದುಕೊಂಡು ಆ ಪ್ರಶ್ನೆ ಬರೆದರು. “ಬಹುಮಾನ ನಿನಗೇ. ಇದೊಂದು ಅಜ್ಜಿಯ ಹತ್ರ ಕೇಳಿಕೊಂಡು ಬಾ.”

ಸಂಜೆ ಮಾಷ್ಟ್ರ ಅಜ್ಜಿಯ ವಿಷಯ ಹೇಳಿ ಆ ಪ್ರಶ್ನೆ ಕೇಳಿದೆ. ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜಿ ಎಲೆ ಕೆಳಗಿಟ್ಟರು. ಆಮೇಲೆ ಹೇಳಿದರು: “ಒಬ್ಬಳು ಹೋಗಿದ್ದಳು ಮಗಾ. ಕೊಯಿಲ ಊರಿನವರೆಗೂ ಮುಟ್ಟಿದ್ದಳು. ಹಿಡಿದು ತಂದರು... ಅವಳ ಮೊಮ್ಮಗನಾ ನಿನ್ನ ಮಾಷ್ಟ್ರು? ಹಾಗಾದ್ರೆ ಸುಳ್ಳು ಹೇಳ್ಬೇಡ. ಇದ್ದದ್ದು ಇದ್ದ ಹಾಗೇ ಹೇಳು.”

ಮರುದಿನ ತರಗತಿಯಲ್ಲಿ ಎಲ್ಲರೆದುರು ಎದ್ದು ನಿಂತು ಹೇಳಿದೆ. ಮಾಷ್ಟ್ರು ಕನ್ನಡಕ ಒರೆಸಿಕೊಂಡು, “ಈಗ ಪಾಠ ಶುರು ಮಾಡುವ” ಎಂದರು. ಅವರ ಶಿಷ್ಯ ಎಂದು ಹೇಳಿಕೊಳ್ಳುವಾಗ ಇಂದಿಗೂ ನನ್ನ ಎದೆ ಉಬ್ಬುತ್ತದೆ. ಸುಳ್ಳು ಹೇಳಬೇಡ ಎಂದ ನನ್ನ ಅಜ್ಜಿಯ ಮೊಮ್ಮಗ ಎನ್ನುವಾಗಲೂ.

ಹಾಗೆ ಪ್ರಶ್ನೆ ಕೇಳುವ ಮಾಷ್ಟ್ರು ಇನ್ನಿಲ್ಲ...

ಸಭೆಯಲ್ಲಿ ಇದನ್ನೇ ಹೇಳಿದೆ. ಮುಂದಿನ ಸಾಲಿನಲ್ಲಿ ನಮ್ಮ ಮನೆಯವರೆಲ್ಲ ಕೂತಿದ್ದರು; ಯಾರೂ ಎದ್ದು ಹೋಗಲಿಲ್ಲ. ಮುಗಿದ ಮೇಲೆ ಮಾಷ್ಟ್ರ ಮಗಳು ಹತ್ತಿರ ಬಂದು, “ಅಪ್ಪನ ಅಕ್ಷರ ನಂಗೆ ಬೇಕಿತ್ತು ಅಣ್ಣಾ” ಎಂದಳು. ಪುಸ್ತಕ ಕೊಟ್ಟೆ.